ಮರೆಗುಳಿ ಎಂಬ ಬಿಳಿ ವೈನು

ಬಿಳಿ ದ್ರಾಕ್ಷಿಯ ರಸ ಒಣಗಿದರೆ ಗೋಂದಾಗುತ್ತದೆ. ಬೆರಳಿಗೆ ಬೆರಳು ಅಂಟುತ್ತದೆ, ಕತ್ತರಿ ಅಂಗೈಗೆ ಅಂಟುತ್ತದೆ, ಅದೇ ಕೈಯಲ್ಲಿ ಬೆವರು ಒರೆಸಿಕೊಂಡರೆ ರೆಪ್ಪೆಗೆ ರೆಪ್ಪೆ ಅಂಟುತ್ತದೆ. ಅದರ ಮೇಲೆ ಗುಡ್ಡದ ಧೂಳು. ಧೂಳಿನ ಜೊತೆಗೆ, ಗಿಡಕ್ಕೆ ಬೂದಿರೋಗ ಬಾರದಿರಲೆಂದು ಎರಚಿದ ಗಂಧಕದ ಪುಡಿ. ಇಷ್ಟೆಲ್ಲ ಆದ ಮೇಲೆ ಕಣಜಗಳು ಬರುತ್ತವೆ. ಕಣಜಕ್ಕೆ ಗೊಂಚಲೂ ಒಂದೇ, ನಮ್ಮ ಕುತ್ತಿಗೆಯೂ ಒಂದೇ.

ಈ ಕಡೆ ಗಿಡಗಳು ಮೊಣಕಾಲೆತ್ತರ. ಬೆನ್ನು ಬಗ್ಗಿಸಿದರೆ ಸಾಲು ಮುಗಿಯುವ ತನಕ ನೆಟ್ಟಗಾಗುವಂತಿಲ್ಲ. ಗುಡ್ಡಕ್ಕೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ, ಯಂತ್ರ ಹತ್ತುವುದಿಲ್ಲ. ಯಂತ್ರ ಹತ್ತದ ಕಡೆಗೆ ಹೆಂಗಸರನ್ನು ಹತ್ತಿಸುತ್ತಾರೆ. ದೂರದಲ್ಲಿ ಸಮುದ್ರ ಕಾಣುತ್ತದೆ, ನೋಡಲು ಪುರುಸೊತ್ತಿರುವವರು ಚೆಂದ ಎನ್ನುತ್ತಾರೆ. ಮರವಿಲ್ಲ, ಪೊದೆಯಿಲ್ಲ. ಹೆಂಗಸು ಒಂದಕ್ಕೆ ಹೋಗಬೇಕೆಂದರೆ ಉಳಿದವರು ಸುತ್ತ ಲಂಗ ಹರಡಿಕೊಂಡು ನಿಲ್ಲಬೇಕು. ಆ ನಾಚಿಕೆಗೇ ಬಹಳ ಜನ ಬೆಳಗಿನಿಂದ ನೀರು ಮುಟ್ಟುವುದಿಲ್ಲ, ಈ ಬಿಸಿಲಿನಲ್ಲೂ.

ಈ ಗುಡ್ಡದ ವೈನಿನ ಬಗ್ಗೆ ಬಣ್ಣದ ಕಾಗದದಲ್ಲಿ ಏನು ಅಚ್ಚು ಹಾಕಿಸುತ್ತಾರೆ ಗೊತ್ತೇ? ಜೇನು, ಬಾದಾಮಿ, ಬೆಣ್ಣೆ, ಮಾಗಿದ ಪೀಚು, ಬಾಯ್ತುಂಬ ಬಿಸಿಲು. ಗ್ರೆನಾಶ್, ಮಕಬ್ಯೂ, ರೂಸಾನ್ ಎಂಬ ಮೂರು ಬಿಳಿ ದ್ರಾಕ್ಷಿಗಳ ಮದುವೆ ಎಂದೂ ಹಾಕಿಸುತ್ತಾರೆ. ಒಂದು ದಿನ ನಾನು ಇದನ್ನು ಓದಿ ಹೇಳಿದಾಗ ನಮ್ಮ ಕೊಯ್ಲಿನ ತಂಡದ ಅರಸೆಲಿ ಅತ್ತೆ ಸೊಂಟ ಹಿಡಿದುಕೊಂಡು, "ಮೂರು ಜನದ ಮದ್ವೇನಾ? ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರೈತೆ ಕಣೆ" ಎಂದಳು.

ನನ್ನ ಹೆಸರು ರೆಮೆ. ಹುಟ್ಟಿದ್ದು ಸ್ಪೇನಿನ ದಕ್ಷಿಣದಲ್ಲಿ, ಆಲಿವ್ ಮತ್ತು ಸಾಲ ಬಿಟ್ಟರೆ ಬೇರೇನೂ ಬೆಳೆಯದ ಒಂದು ಹಳ್ಳಿಯಲ್ಲಿ. ದ್ರಾಕ್ಷಿ ಕೊಯ್ಲಿಗೆಂದು ಫ್ರಾನ್ಸಿನ ಈ ಗಡಿಸೀಮೆಗೆ ಬಂದವಳು ಇಲ್ಲಿಯ ಗಾರೆ ಕೆಲಸದವನೊಬ್ಬನನ್ನು ಕಟ್ಟಿಕೊಂಡು ಇಲ್ಲೇ ಉಳಿದೆ. ಎರಡೂ ಭಾಷೆ ಬರುತ್ತದೆ. ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮೂರ ಹೆಂಗಸರ ತಂಡ ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ಧಣಿಯ ಮಾತನ್ನು ಅವರಿಗೆ, ಅವರ ಮಾತನ್ನು ಧಣಿಗೆ ದಾಟಿಸುತ್ತಿದ್ದವಳು ನಾನು. ಅದಕ್ಕೆ ಬೇರೆ ಕೂಲಿಯಿರಲಿಲ್ಲ. ಕೈಯಲ್ಲಿ ದ್ರಾಕ್ಷಿ ಕೊಯ್ಯುತ್ತ ಬಾಯಲ್ಲಿ ಈ ಬಿಟ್ಟಿ ಕೆಲಸ ಮಾಡಬೇಕಿತ್ತು.

ತಂಡವನ್ನು ಕಟ್ಟಿ ತರುತ್ತಿದ್ದವಳು ಅರಸೆಲಿ ಅತ್ತೆ. ಯಾರಿಗೂ ಸ್ವಂತ ಅತ್ತೆಯಲ್ಲ, ಎಲ್ಲರಿಗೂ ಅತ್ತೆ. ಅರವತ್ತು ದಾಟಿದೆ. ಮುಂದಿನ ಹಲ್ಲುಗಳು ಹೋಗಿವೆ, ನಾಲಿಗೆ ಮಾತ್ರ ಇದ್ದಲ್ಲೇ ಇದೆ. ಧಣಿಯ ಹೆಸರು ಕಲ್ವೆರಾಕ್. ಬಿಳಿ ಕೂದಲು, ಮೃದು ಮಾತು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ನಮ್ಮನ್ನು "ನನ್ನ ಹೆಣ್ಣುಮಕ್ಕಳು" ಎನ್ನುತ್ತಿದ್ದ. ಆ ಹೆಣ್ಣುಮಕ್ಕಳನ್ನು ಮಲಗಿಸುತ್ತಿದ್ದದ್ದು ಹಳೆಯ ಕುರಿದೊಡ್ಡಿಯಲ್ಲಿ.

ಎರಡು ವರ್ಷದ ಹಿಂದೆ ಫುಯೆನ್ಸಾಂತ ಮೊದಲ ಸಲ ತಂಡದಲ್ಲಿ ಬಂದಳು. ಚಿಕ್ಕ ವಯಸ್ಸು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಆಲಿವ್ ತೋಪಿನ ಇಳಿಜಾರಿನಲ್ಲಿ ಟ್ರಾಕ್ಟರ್ ಮಗುಚಿ ಅವಳ ಗಂಡ ಅದರಡಿ ಸತ್ತಿದ್ದ. ಪುಟ್ಟ ಮಗಳನ್ನು ಅತ್ತೆಮನೆಯಲ್ಲಿ ಬಿಟ್ಟು ಬಂದಿದ್ದಳು. ಕಪ್ಪು ಬಟ್ಟೆ, ತಲೆಗೂ ಕಪ್ಪು ವಸ್ತ್ರ. ಮಾತು ಕಡಿಮೆ, ಕೈ ಚುರುಕು.

ನಮ್ಮೂರ ಕಡೆ ಕೊಯ್ಲಿನವರು ಸಾಲಿನ ಕೊನೆಯ ಗಿಡದಲ್ಲಿ ಒಂದು ಗೊಂಚಲು ಬಿಡುತ್ತಾರೆ. 'ಹಿಂದೆ ಬರೋರಿಗೆ' ಎನ್ನುತ್ತಾರೆ. ಹಿಂದೆ ಬರುವವರು ಎಂದರೆ ಕೊಯ್ಲಿನಲ್ಲಿ ಉಳಿದದ್ದನ್ನು ಹಕ್ಕಲು ಆಯುವ ಬಡವರು. ಗುಬ್ಬಿಯೂ ಆಗಬಹುದು. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರೂ ಆಗಬಹುದು. ಫುಯೆನ್ಸಾಂತಳ ಗಂಡ ಹಕ್ಕಲು ಆಯುವವರ ಮಗ, ಚಿಕ್ಕಂದಿನಲ್ಲಿ ಕಂಡವರು ಬಿಟ್ಟ ಗೊಂಚಲಿನಲ್ಲೇ ಹೊಟ್ಟೆ ಹೊರೆದವನು. ಅವಳು ತನ್ನ ಸಾಲು ಮುಗಿಸಿ, ಕೊನೆಯ ಗಿಡದಲ್ಲಿ ಒಂದು ತುಂಬು ಗೊಂಚಲನ್ನು ಉಳಿಸಿ, ಹುಡುಕಿ ಬರುವವನಿಗೆ ಕಾಣಲೆಂದು ಎಲೆ ಸರಿಸಿದಳು. ತುಟಿ ಅಲುಗಿತು, ಏನೋ ಹೇಳಿಕೊಂಡಳು. ಪಕ್ಕದ ಸಾಲಿನಲ್ಲಿದ್ದ ನಾನು ನೋಡದವಳ ಹಾಗೆ ಕೊಯ್ಯುತ್ತ ಹೋದೆ.

ಆದರೆ ಈ ಸೀಮೆಯಲ್ಲಿ ಗೊಂಚಲು ಬಿಡುವುದಕ್ಕೆ ಬೇರೆ ಅರ್ಥವಿದೆ. ಹಳೆಯ ಕಾಲದ ಶಾಸ್ತ್ರ. ಕೊಯ್ಯುವ ಹೆಂಗಸು ಗೊಂಚಲು ಮರೆತರೆ, ಅದನ್ನು ಕಂಡ ಗಂಡಸು ಅದನ್ನೇ ಅವಳ ಮೋರೆಗೆ ಹಿಸುಕಿ ಬಳಿದು ಒಂದು ಮುತ್ತು ಕಿತ್ತುಕೊಳ್ಳಬಹುದು. ಮಾಲೀಕನಿಗಾದ ನಷ್ಟಕ್ಕೆ ದಂಡ ಎಂದು ಹೆಸರು. ಮುತ್ತು ಬೇಕಾದವಳು ಬೇಕೆಂದೇ ಬಿಡುತ್ತಾಳೆ ಎಂದು ಊರ ಮುದುಕರು ಈಗಲೂ ಕಾಫಿ ಅಂಗಡಿಯಲ್ಲಿ ಕೂತು ಕಿಸಿಯುತ್ತಾರೆ. ನನ್ನ ಗಂಡನ ತಾಯಿಯನ್ನು ಒಮ್ಮೆ ಕೇಳಿದ್ದೆ. "ನಾವೆಲ್ಲಿ ಬಿಡ್ತಿದ್ವಿ? ಅವರೇ ಜೇಬಲ್ಲಿ ಇಟ್ಕೊಂಡು ಬರೋರು" ಎಂದು ಅವಳು ಮುಖ ತಿರುಗಿಸಿದಳು. ಹೆಂಗಸರು ಛೀ ಥೂ ಎಂದ ಮೇಲೆ ಆ ಶಾಸ್ತ್ರ ಸತ್ತು ಎಷ್ಟೋ ಕಾಲವಾಗಿತ್ತು. ಆದರೆ ಕಲ್ವೆರಾಕನಿಗೆ ಹಳೆಯದೆಂದರೆ ಪ್ರಾಣ. ಹಳೆಯದಕ್ಕೆ ಬೆಲೆ ಬರುತ್ತದೆ.

ಅವತ್ತು ಅವನು ಪೇಟೆಯಿಂದ ಬಂದ ಒಂದಷ್ಟು ಅತಿಥಿಗಳನ್ನೂ ಒಬ್ಬ ಫೋಟೊದವನನ್ನೂ ಕರೆದುಕೊಂಡು ಗುಡ್ಡ ಹತ್ತಿ ಬಂದ. ಎಲ್ಲರ ಕೈಯಲ್ಲೂ ಗ್ಲಾಸು. ಗೊಂಚಲು ಅವನ ಕಣ್ಣಿಗೆ ಬಿತ್ತು.

"ನೋಡಿ, ನೋಡಿ. ಈ ಸಾಲು ಯಾರದು?"

ಫುಯೆನ್ಸಾಂತ ಕೈಯೆತ್ತಿದಳು. ಸಾಲು ಚೊಕ್ಕಟವಾಗಿದೆ ಎಂದು ಹೊಗಳುತ್ತಾನೆ ಎಂದುಕೊಂಡಳೋ ಏನೋ.

"ರೆಮೆ, ಅವಳನ್ನ ಕೇಳು. ಮರೆತಳೋ, ಬೇಕಂತಲೇ ಬಿಟ್ಟಳೋ?"

ಕೇಳಿದೆ.

"ಬೇಕಂತ್ಲೇ ಬುಟ್ಟೆ ಕಣಕ್ಕ" ಎಂದಳು.

ಅಷ್ಟು ಸ್ಪಾನಿಷ್ ಅವನಿಗೂ ಬರುತ್ತಿತ್ತು. ಗಂಡನಿಗೆ ಬಿಟ್ಟದ್ದು ಎಂಬ ಮುಂದಿನ ಮಾತು ನನ್ನ ಬಾಯಿಂದ ಹೊರಡುವ ಮೊದಲೇ ಅವನು ಅತಿಥಿಗಳ ಕಡೆ ತಿರುಗಿ, "ಬೇಕಂತಲೇ ಅಂತೆ" ಎಂದ. ಗೊಳ್ಳೆಂದು ನಕ್ಕರು. ಶಾಸ್ತ್ರ ಏನೆಂದು ಅವನು ವಿವರಿಸಿದ. ಇನ್ನೂ ನಕ್ಕರು.

"ಮೊಸ್ಸಿಯೇ, ಅದು ಅವಳ ತೀರಿಹೋದ ಗಂಡನಿಗೆ..." ಎಂದೆ.

"ಆಮೇಲೆ, ರೆಮೆ, ಆಮೇಲೆ."

ಅವನು ಗೊಂಚಲು ಕಿತ್ತ. ಆಗ ಫೋಟೊದವನು ತಲೆ ಅಲ್ಲಾಡಿಸಿದ. ಬಿಳಿ ದ್ರಾಕ್ಷಿಯ ರಸ ನೀರಿನ ಹಾಗೆ, ಫೋಟೊದಲ್ಲಿ ಕಾಣುವುದಿಲ್ಲವಂತೆ. ಬೆವರಿದ ಮುಖದ ಹಾಗೆ ಕಾಣುತ್ತದಂತೆ. ಬೆವರು ಬೇಡವಂತೆ. ಕೆಳಗಿನ ತೋಟದಿಂದ ಕಪ್ಪು ದ್ರಾಕ್ಷಿ ತರಲು ಹಮ್ಮುವನ್ನು ಓಡಿಸಿದರು. ಹಮ್ಮು ಮೊರಕ್ಕೊದವನು, ನಮ್ಮ ಬಕೆಟ್ಟುಗಳನ್ನು ತನ್ನ ಬೆನ್ನುಬುಟ್ಟಿಗೆ ಸುರಿಸಿಕೊಂಡು ಇಳಿಸುವವನು. ಅವನು ಹೋಗಿ ಬರುವ ತನಕ ಫುಯೆನ್ಸಾಂತ ಅಲ್ಲೇ ನಿಂತಿದ್ದಳು. ಏನಾಗುತ್ತದೆ ಎಂದು ನಾನು ಅವಸರದಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಸೂತಕದ ಬಟ್ಟೆ ಉಟ್ಟವಳ ಮೈ ಯಾರಾದರೂ ಮುಟ್ಟುತ್ತಾರೆಯೇ ಎಂದು ನನ್ನನ್ನೇ ಕೇಳಿದಳು.

ಮುಟ್ಟಿದರು. ಬಿಳಿ ವೈನಿನ ಜಾಹೀರಾತಿಗೆ ಕಪ್ಪು ದ್ರಾಕ್ಷಿ ತರಿಸಿ, ಕಲ್ವೆರಾಕ್ ಒಂದು ಕೈಯಲ್ಲಿ ಅವಳ ಕತ್ತು ಹಿಡಿದು, ಇನ್ನೊಂದು ಕೈಯಲ್ಲಿ ಸಿಪ್ಪೆ, ಬೀಜ, ಕಡ್ಡಿ ಸಮೇತ ಮೂಗಿಗೂ ಕಣ್ಣಿಗೂ ತಿಕ್ಕಿದ. ಅವಳು ನೋ ನೋ ಎಂದಳು. ಆ ಮಾತಿಗೆ ದುಭಾಷಿ ಬೇಕಾಗಿರಲಿಲ್ಲ. ಈ ಎರಡು ಭಾಷೆಗಳ ನಡುವೆ ಮಗುವಿಗೂ ತಿಳಿಯುವ ಮಾತು ಯಾವುದಾದರೂ ಇದ್ದರೆ ಅದೊಂದೇ. ತಲೆವಸ್ತ್ರ ಜಾರಿ ಮಣ್ಣಿಗೆ ಬಿತ್ತು. ಆಮೇಲೆ ಅವನು ಕೆನ್ನೆಗೆ ಮುತ್ತಿಟ್ಟ. ಜೇಬಿನಿಂದ ಕರವಸ್ತ್ರ ತೆಗೆದು ತನ್ನ ಬಾಯಿ ಒರೆಸಿಕೊಂಡ. ಅವಳಿಗೆ ಕೊಡಲಿಲ್ಲ.

ಗಂಧಕ ಬಿದ್ದ ಕಣ್ಣು ಬಾತು ಕೆಂಪಾಗಿ, ಅವಳು ಒಂದೇ ಕಣ್ಣಿನಲ್ಲಿ ಕೊಯ್ಲು ಮುಗಿಸಿದಳು.

ಮುಂದಿನ ಈಸ್ಟರ್ ಹಬ್ಬಕ್ಕೆ ಕಲ್ವೆರಾಕ್ ದೊಡ್ಡ ಮನಸ್ಸು ಮಾಡಿ ತಂಡಕ್ಕೆಲ್ಲ ಬಾಟಲಿ ಕಳಿಸಿದ. ತಲೆಗೊಂದು. ಹೊಸ ವೈನಂತೆ, ಹೆಸರು 'ಮರೆಗುಳಿ'. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಫುಯೆನ್ಸಾಂತಳ ಮುಖ. ಕಪ್ಪು ರಸ ಇಳಿಯುತ್ತಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ, ಬಾಯಿ ತೆರೆದಿದೆ. ನೋ ಎನ್ನುತ್ತಿರುವ ಬಾಯಿ ಅದು. ಆದರೆ ಪಟದಲ್ಲಿ ಸದ್ದು ಬರುವುದಿಲ್ಲವಲ್ಲ, ನೋಡಿದವರೆಲ್ಲ ನಗುತ್ತಿದ್ದಾಳೆ ಎಂದರು.

ಅಲ್ಲಿ ಸ್ಪೇನಿನ ನಮ್ಮೂರಿನಲ್ಲಿ ಆ ಬಾಟಲಿ ಮನೆಯಿಂದ ಮನೆಗೆ ಹೋಯಿತು. ಯಾರೂ ಕುಡಿಯಲಿಲ್ಲ, ಎಲ್ಲರೂ ನೋಡಿದರು. ಬ್ರೆಡ್ಡಿನ ಅಂಗಡಿಯಲ್ಲಿ, "ಏನ್ ಫುಯೆನ್ಸಾಂತ, ನಮ್ ಕಣ್ಣಿಗೂ ಒಂದ್ ಗೊಂಚಲು ಬೀಳೋಂಗೆ ಬುಡವ್ವ" ಎಂದು ಗಂಡಸರು ಕೆಣಕಿದರು. ಅವಳ ಗಂಡನ ತಾಯಿ ಬಾಟಲಿಯನ್ನು ಮೇಜಿನ ಮೇಲಿಟ್ಟು, ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದಳಂತೆ: "ನನ್ ಮಗ ಸತ್ತು ವರ್ಷ ತುಂಬಿರ್ಲಿಲ್ಲ, ಪರಗಂಡಸಿನ ಕೈಲಿ ಮೋರೆ ತಿಕ್ಕಿಸ್ಕಂಡು ಹಲ್ಲು ಕಿರಿದಿದ್ದೀಯ. ಒಂದ್ಸಲ ಆಯ್ತು, ನುಂಗ್ಕತೀನಿ. ಇನ್ನೊಂದ್ಸಲ ಹಿಂಗೇನಾರ ಆದ್ರೆ ಮಗೀನ ಮರೆತುಬುಡು."

ಇಷ್ಟಾದರೂ ಮರುವರ್ಷ ಅವಳು ಬಂದಳು. ಬಾರದೆ ಏನು ಮಾಡುತ್ತಾಳೆ? ಮಗುವಿಗೆ ಹಾಲು ಬೇಕು, ಆ ಅತ್ತೆಗೂ ಔಷಧ ಬೇಕು.

ಬಸ್ಸು ನಿಂತಾಗ ಕಲ್ವೆರಾಕ್ ಗೇಟಿನಲ್ಲೇ ಹೂ ಹಿಡಿದು ಕಾಯುತ್ತಿದ್ದ. ಹದಿನೈದು ವರ್ಷದಿಂದ ಬರುತ್ತಿರುವ ಅರಸೆಲಿ ಅತ್ತೆಗೆ ಅವನು ಒಂದು ಎಲೆ ಕೂಡ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಹೂ ಫುಯೆನ್ಸಾಂತಳಿಗೆ. ಅವಳು ಕೈ ಚಾಚಲಿಲ್ಲ, ಅವನು ಅವಳ ಗಂಟಿನ ಮೇಲಿಟ್ಟ.

"ಅವಳಿಗೆ ಹೇಳು ರೆಮೆ. ಇವಳ ಮುಖ ಈಗ ಪ್ಯಾರಿಸ್ಸಿನಲ್ಲಿದೆ, ಬ್ರಸೆಲ್ಸಿನಲ್ಲಿದೆ. ಕೊನೆಯ ಭಾನುವಾರ ದೊಡ್ಡ ದೊಡ್ಡ ವ್ಯಾಪಾರಿಗಳು ಬರ್ತಾರೆ. ಅವರೆದುರು ಶಾಸ್ತ್ರ ಮತ್ತೆ ಮಾಡೋಣ. ಈ ಸಲ ನಾನಲ್ಲ, ಹರಾಜು ಇಡೋಣ. ಹೆಚ್ಚು ಕೂಗಿದವರು ಬಳೀಲಿ. ಬಂದ ದುಡ್ಡು ಚರ್ಚಿನ ಚಾವಣಿ ರಿಪೇರಿಗೆ."

ನಾನು ಹೇಳಿದೆ. ಹೇಳುವಾಗ ನನ್ನ ಬಾಯಿಗೇ ಕೊಳೆತ ಹಣ್ಣಿನ ರುಚಿ ಬಂತು.

"ಆಗಕಿಲ್ಲ ಅಂತ ಹೇಳಕ್ಕ" ಎಂದಳು.

ಅವನ ಮುಖದ ನಗು ಹೋಗಲಿಲ್ಲ. "ಇಡೀ ತಂಡಕ್ಕೆ ಕೆಲಸ ಕೊಡೋನು ನಾನು. ಏಜೆನ್ಸಿಯವರು ದಿನಾ ಫೋನು ಮಾಡ್ತಾರೆ, ಇದಕ್ಕಿಂತ ಕಡಿಮೆಗೆ ಬರೋ ಜನ ಇದ್ದಾರೆ ಅಂತ. ನಾನು ಬೇಡ ಅಂತಾನೇ ಇದ್ದೀನಿ, ನನ್ನ ಹೆಣ್ಣುಮಕ್ಕಳಿದ್ದಾರೆ ಅಂತ. ಇದನ್ನೂ ಅವಳಿಗೆ ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು."

ಎಲ್ಲರಿಗೂ ಕೇಳಿಸಿತು.

ಆ ದಿನದಿಂದ ತಂಡದಲ್ಲಿ ಮಾತು ಕೆಟ್ಟಿತು. ಹಗಲು ಬಾಗಿದ ಬೆನ್ನುಗಳ ನಡುವೆಯೇ ಚುಚ್ಚುಮಾತು ಓಡಾಡಿತು. ನಿನ್ನಿಂದ ನಮ್ಮ ಹೊಟ್ಟೆಗೆ ಕಲ್ಲು ಎಂದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರೆ ಏನು ಗಂಟು ಹೋಗುತ್ತದೆ ಎಂದರು. ಕೆಟ್ಟವರೆಂದಲ್ಲ. ಒಂದು ಕೊಯ್ಲಿನ ದುಡ್ಡಿನಲ್ಲಿ ವರ್ಷವಿಡೀ ಬದುಕುವವರು ಬೇರೆ ಹೇಗೆ ಮಾತಾಡುತ್ತಾರೆ? ಧಣಿ ನಮ್ಮನ್ನು ಗದರಲಿಲ್ಲ, ಹೊಡೆಯಲಿಲ್ಲ. ಒಬ್ಬಳ ಮೋರೆಯನ್ನು ನಮ್ಮ ನಡುವೆ ಎಸೆದು ಕೈ ಕಟ್ಟಿ ನಿಂತಿದ್ದ, ಕಚ್ಚಾಡುವ ಕೆಲಸವನ್ನು ನಾವೇ ಮಾಡುತ್ತಿದ್ದೆವು.

ಶನಿವಾರ ಸಂಜೆ ಕುರಿದೊಡ್ಡಿಯ ಮುಂದೆ ಒಲೆ ಹಚ್ಚಿ ಕೂತಿದ್ದಾಗ ಅರಸೆಲಿ ಅತ್ತೆ ಆಲೂಗಡ್ಡೆ ಹೆರೆಯುತ್ತ ಬಾಯಿ ತೆಗೆದಳು.

"ನೋಡು ಫುಯೆನ್ಸಾಂತ, ನಾನು ನೇರ ಮಾತಾಡೋಳು. ಮೋರೆ ತೊಳ್ಯಕ್ಕೆ ಒಂದು ಬಕೆಟ್ಟು ನೀರು ಸಾಕು. ಇಷ್ಟೂ ಮನೆ ಒಲೆ ಆರೋದ್ರೆ ಯಾವ ನೀರು ಹುಯ್ದು ಹಚ್ಚಾನ?"

"ನಮ್ಮತ್ತೆ ಮಗೀನ ಕೊಡಾಕಿಲ್ಲ ಅಂದವ್ಳೆ."

"ಅವಳ ಬಾಯಿ ನಂಗೆ ಬುಡು. ನಾನು ಹೇಳ್ತೀನಿ."

"ಏನಂತ ಹೇಳೀಯತ್ತೆ? ಹರಾಜಲ್ಲಿ ಒಳ್ಳೆ ರೇಟಿಗೆ ಹೋದ್ಲು ಅಂತಲಾ?"

ಯಾರೋ ಕೆಮ್ಮಿದರು.

"ಅಷ್ಟು ಹಗುರ ಆಗಿದ್ರೆ ನಿನ್ ಮೋರೆ ಕೊಡತ್ತೆ" ಎಂದಳು ಫುಯೆನ್ಸಾಂತ.

"ನನ್ ಮೋರೆ ಯಾವನಿಗೆ ಬೇಕಮ್ಮಿ? ನಾನಾಗಿ ಕೊಟ್ರೂ ಈಸ್ಕಳಾಕಿಲ್ಲ."

ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕಳು. ನಗು ಮಾತ್ರ ಬಹಳ ಹೊತ್ತು ಬಾಳಲಿಲ್ಲ. ಅವಳು ಆಲೂಗಡ್ಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಉಳಿದದ್ದನ್ನು ನಾವೇ ಹೆರೆದೆವು.

ಭಾನುವಾರ ಗುಡ್ಡದ ಬುಡದಲ್ಲಿ ಉದ್ದನೆಯ ಮೇಜು ಹಾಕಿ ಬಿಳಿ ಬಟ್ಟೆ ಹೊದಿಸಿದ್ದರು. ಮಂಜುಗಡ್ಡೆಯ ಮೇಲೆ ಸಿಂಪಿ, ಆಡಿನ ಹಾಲಿನ ಗಿಣ್ಣು, ಸಾಲಾಗಿ ನಿಲ್ಲಿಸಿದ 'ಮರೆಗುಳಿ' ಬಾಟಲಿಗಳು. ಒಂದೊಂದರ ಮೇಲೂ ಫುಯೆನ್ಸಾಂತ, ಅದೇ ಬಾಯಿ ತೆರೆದುಕೊಂಡು. ಅತಿಥಿಗಳು ಗ್ಲಾಸನ್ನು ಬಿಸಿಲಿಗೆ ಹಿಡಿದು, ಮೂಗು ತೂರಿಸಿ, ಬಾಯಲ್ಲಿ ಮುಕ್ಕಳಿಸಿ, ಬೆಳ್ಳಿಯ ಬೋಗುಣಿಗೆ ಉಗಿಯುತ್ತಿದ್ದರು. ನಾವು ಬೆನ್ನು ಮುರಿದು ಇಳಿಸಿದ್ದನ್ನು ಅವರು ನುಂಗುವುದೂ ಇಲ್ಲ. ಎಂಥ ತುಂಬು ವೈನು, ಎಷ್ಟು ಉದಾರ, ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಉಗಿದ ಬಾಯಲ್ಲೇ ಹೊಗಳುತ್ತಿದ್ದರು.

ನಮ್ಮನ್ನು ಕೆಲಸದ ಬಟ್ಟೆಯಲ್ಲೇ, ಕತ್ತರಿ ಬಕೆಟ್ಟು ಸಮೇತ ಒಂದು ಪಕ್ಕಕ್ಕೆ ನಿಲ್ಲಿಸಿದ್ದರು. ಕೈ ತೊಳೆಯಬೇಡಿ ಎಂದು ಫೋಟೊದವನು ಬೇರೆ ಹೇಳಿದ್ದ. ಗುಡ್ಡದ ನೆತ್ತಿಯ ಮೆಟ್ಟಿಲುಗಳಲ್ಲಿ ರೂಸಾನ್ ಇನ್ನೂ ಕೊಯ್ಯದೆ ನಿಂತಿತ್ತು. ಅದು ಕೊನೆಗೆ ಹಣ್ಣಾಗುವ ದ್ರಾಕ್ಷಿ. ಹಣ್ಣಾದ ಮೇಲೆ ಈ ಬಿಸಿಲು ಅದಕ್ಕೆ ನಾಲ್ಕು ದಿನವೂ ಕಾಯುವುದಿಲ್ಲ, ಸುಟ್ಟು ಒಣಗಿಸಿಬಿಡುತ್ತದೆ. ಅದಿಲ್ಲದೆ ಆ ಮೂರರ ಮದುವೆಯೂ ಇಲ್ಲ.

ಹರಾಜು ನಡೆಯಿತು. ನಗುನಗುತ್ತ ಕೂಗಿದರು. ಗೆದ್ದವನು ಬೆಲ್ಜಿಯಂನ ಒಬ್ಬ ದಪ್ಪ ವ್ಯಾಪಾರಿ. ಪಾದ್ರಿ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ತಟ್ಟೆಯಲ್ಲಿ ಕಪ್ಪು ದ್ರಾಕ್ಷಿ ಬಂತು.

ಆ ವ್ಯಾಪಾರಿಗೆ ಸ್ವಲ್ಪ ಸಂಕೋಚವಿತ್ತು ಎಂದೇ ಹೇಳಬೇಕು. "ಅವಳಿಗೇನೂ ಬೇಜಾರಿಲ್ಲ ತಾನೇ?" ಎಂದು ಕೇಳಿದ.

"ಬೇಜಾರು ಯಾಕೆ? ಗೊಂಚಲು ಬೇಕಂತಲೇ ಬಿಟ್ಟವಳು" ಎಂದ ಕಲ್ವೆರಾಕ್.

ಆಗ ಫುಯೆನ್ಸಾಂತ ನನ್ನ ತೋಳು ಹಿಡಿದಳು. "ಅಕ್ಕ, ನಾನು ಹೇಳ್ದಂಗೆ ಹೇಳು. ಒಂದಕ್ಷರಾನೂ ಬುಡಬ್ಯಾಡ."

ಅವಳು ಹೇಳುತ್ತ ಹೋದಳು, ನಾನು ದಾಟಿಸುತ್ತ ಹೋದೆ. ನಾನು ಮರೆಗುಳಿಯಲ್ಲ. ನನ್ನ ಗಂಡ ಹಕ್ಕಲು ಆಯ್ದು ಬೆಳೆದವನು. ಆ ವರ್ಷ ಸತ್ತ. ಆ ಗೊಂಚಲು ಅವನಿಗೆ. ನನಗೆ ಚೆನ್ನಾಗಿ ನೆನಪಿದ್ದದ್ದಕ್ಕೇ ಅದು ಅಲ್ಲಿತ್ತು. ನೀವು ಅದನ್ನು ಕಿತ್ತಿರಿ, ನನ್ನ ಮೋರೆಗೆ ಕೈ ಹಾಕಿದಿರಿ. ಆ ಪಟದಲ್ಲಿ ನಾನು ನಗುತ್ತಿಲ್ಲ, ಬೇಡ ಎನ್ನುತ್ತಿದ್ದೇನೆ. ನನ್ನ ಮುಖವನ್ನು ಆ ಬಾಟಲಿಯಿಂದ ತೆಗೆಯಿರಿ.

ಮೇಜಿನ ಸುತ್ತ ಕೂತವರು ಗ್ಲಾಸು ಕೆಳಗಿಟ್ಟರು. ಕತ್ತೆತ್ತಿ ನೋಡಿದರು. ಮುತ್ತಿನ ಸರದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಮುಟ್ಟಿತು, ಇವರಿಗೂ ಹೃದಯವಿದೆ ಎಂದು ನಾನು ಒಂದು ಗಳಿಗೆ ನಂಬಿಬಿಟ್ಟೆ.

"ಎಷ್ಟು ಸುಂದರವಾಗಿದೆ" ಎಂದಳು ಆ ಹೆಂಗಸು. "ಇದನ್ನ ಯಾಕೆ ಬಾಟಲಿ ಮೇಲೆ ಹಾಕಿಲ್ಲ?"

ಕಲ್ವೆರಾಕನ ಕಣ್ಣು ಮಿನುಗಿತು. ಮರುಳಾದವನ ಹಾಗೆ ನಿಂತಿದ್ದವನು ಫೋಟೊದವನ ಕಿವಿಗೆ ಬಾಗಿದ. "ಬರ್ಕೋ. ಸತ್ತವನಿಗೆ ಬಿಟ್ಟ ಗೊಂಚಲು. ವಿಧವೆಯ ಗೊಂಚಲು. ಮುಂದಿನ ವರ್ಷದ ಹೆಸರು ಸಿಕ್ತು." ಫೋಟೊದವನು ಪೆನ್ನು ತೆಗೆದು ತನ್ನ ಅಂಗೈ ಮೇಲೇ ಬರೆದುಕೊಂಡ. ವ್ಯಾಪಾರಿಗಳ ನಡುವೆ ಗುಸುಗುಸು ಎದ್ದಿತು. ಯಾರೋ ಎಷ್ಟು ಪೆಟ್ಟಿಗೆ ಸಿಗಬಹುದು ಎಂದು ಆಗಲೇ ಕೇಳುತ್ತಿದ್ದರು.

ಹೆಣದ ಮೇಲಿನ ಹೂವನ್ನೂ ಆರಿಸಿ ಮಾರುವ ಜನ.

"ಸರಿ," ಎಂದ ಕಲ್ವೆರಾಕ್ ಬೆಲ್ಜಿಯಂನವನ ಬೆನ್ನು ತಟ್ಟಿ. "ಹರಾಜು ಹರಾಜೇ. ಚರ್ಚಿನ ಚಾವಣಿಗೆ. ಸ್ವಲ್ಪ ಮೆತ್ತಗೆ ಬಳೀರಿ, ಪಾಪ."

ಬೆಲ್ಜಿಯಂನವನು ತಟ್ಟೆಯಿಂದ ಗೊಂಚಲೆತ್ತಿದ. ಎರಡು ಹೆಜ್ಜೆ ಬಂದ. ಮೂರನೆಯ ಹೆಜ್ಜೆ ಇಡುವಷ್ಟರಲ್ಲಿ ಅವನಿಗೂ ಫುಯೆನ್ಸಾಂತಳಿಗೂ ನಡುವೆ ಅರಸೆಲಿ ಅತ್ತೆ ಬಂದು ನಿಂತಳು. ತಲೆಯ ಟೋಪಿ ತೆಗೆದಳು. ಬಿಸಿಲಿಗೆ ಬಿರುಕು ಬಿಟ್ಟ ಮುಖವನ್ನು ಅವನ ಮುಂದೆ ಚಾಚಿದಳು.

"ರೆಮೆ, ಹೇಳೆ ಇವ್ರಿಗೆ. ನಾನೂ ಒಂದ್ ಗೊಂಚಲು ಬುಟ್ಟಿವ್ನಿ. ಆ ಮೂರ್ನೇ ಮೆಟ್ಲಲ್ಲಿ, ಹೋಗಿ ನೋಡ್ಕಂಡ್ ಬರ್ಲಿ. ಬೇಕಂತ್ಲೇ ಬುಟ್ಟಿವ್ನಿ. ಬಳೀರಿ."

ದಾಟಿಸಿದೆ.

ಬೆಲ್ಜಿಯಂನವನು ಕಲ್ವೆರಾಕನ ಮುಖ ನೋಡಿದ. ಕಲ್ವೆರಾಕ್ ನಕ್ಕ. "ತಮಾಷೆಯ ಹೆಂಗಸು ಇವಳು. ಪಕ್ಕಕ್ಕೆ ಸರಿಯೋಕೆ ಹೇಳು, ರೆಮೆ."

"ಯಾಕ್ ಸರೀಲಿ? ಶಾಸ್ತ್ರ ಅಂದ್ರೆ ಎಲ್ಲಾರ್ಗೂ ಶಾಸ್ತ್ರ ಅಲ್ವಾ? ಬಳಿದ್ಬುಟ್ಟು ಮುತ್ತೂ ಕೊಡ್ಬೇಕು. ಹಲ್ಲಿಲ್ಲ, ಕಚ್ಚಾಕಿಲ್ಲ ಅಂತ ಹೇಳು."

ಹಿಂದಿನಿಂದ ಇನ್ನೊಬ್ಬಳು ಬಂದು ಅತ್ತೆಯ ಪಕ್ಕ ನಿಂತಳು. ನಾನೂ ಬಿಟ್ಟಿದ್ದೇನೆ ಎಂದಳು. ಮೂರು ದಿನದ ಹಿಂದೆ ನಿನ್ನಿಂದ ನಮ್ಮ ಹೊಟ್ಟೆಗೆ ಕಲ್ಲು ಎಂದವಳು ಅವಳೇ. ಆಮೇಲೆ ಅವಳ ಓರಗಿತ್ತಿ. ಆಮೇಲೆ ಮೇಲ್ದುಟಿಯ ಮೇಲೆ ಗಾಯದ ಕಲೆಯಿದ್ದವಳು. ಒಬ್ಬೊಬ್ಬರೇ ಟೋಪಿ ತೆಗೆದು, ಅಂಟುಅಂಟಾದ, ಧೂಳು ಮೆತ್ತಿದ, ಕಣಜ ಕಚ್ಚಿ ಬಾತ ಮೋರೆಗಳನ್ನು ಮುಂದೆ ಮಾಡಿ ನಿಂತರು. ಕೊನೆಗೆ ಹಮ್ಮು ಬೆನ್ನುಬುಟ್ಟಿ ಕೆಳಗಿಳಿಸಿ ಬಂದ. ಅವನಿಗೆ ದುಭಾಷಿ ಬೇಕಿರಲಿಲ್ಲ. "ನಾನೂ ಬಿಟ್ಟಿದ್ದೀನಿ ಮೊಸ್ಸಿಯೇ, ಮೀಸೆ ಇದ್ದರೆ ನಡೆಯುತ್ತಾ?" ಎಂದ.

ಯಾರೂ ನಗಲಿಲ್ಲ. ಫೋಟೊದವನು ಕ್ಯಾಮೆರಾ ಇಳಿಸಿದ. ಆ ಮುತ್ತಿನ ಸರದವಳು ಈಗ ಸುಂದರ ಎನ್ನಲಿಲ್ಲ, ತಟ್ಟೆಯಲ್ಲಿದ್ದ ಸಿಂಪಿಯನ್ನೇ ನೋಡುತ್ತಿದ್ದಳು. ಬೆಲ್ಜಿಯಂನವನ ಮುಷ್ಟಿಯಲ್ಲಿ ಗೊಂಚಲು ತಾನಾಗಿ ಹಿಸುಕಿಹೋಗಿ, ಕಪ್ಪು ರಸ ಅವನ ಬಿಳಿ ಅಂಗಿಯ ತೋಳಿನೊಳಗೆ ಇಳಿಯಿತು. ಅವನು ಅದನ್ನು ತಟ್ಟೆಗೆ ಹಾಕಿ ಕೈ ಒರೆಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದ.

ಕಲ್ವೆರಾಕನ ಮೃದು ಮಾತು ಅಷ್ಟು ಹೊತ್ತಿಗೆ ಕರಗಿತ್ತು. "ಇದೇನು ಅಸಹ್ಯ? ಈ ಮುದುಕಿಯರನ್ನ ಇಲ್ಲಿಂದ ಕರ್ಕೊಂಡು ಹೋಗು. ನನಗೆ ಆ ಹುಡುಗಿ ಒಬ್ಬಳು ಸಾಕು" ಎಂದ.

ಇದನ್ನು ಮಾತ್ರ ನಾನು ಬಹಳ ಆಸೆಪಟ್ಟು ದಾಟಿಸಿದೆ. ಅಸಹ್ಯ ಎಂಬ ಮಾತನ್ನು ಎರಡು ಸಲ ಹೇಳಿದೆ.

ಅರಸೆಲಿ ಅತ್ತೆ ತಲೆದೂಗಿದಳು. ಟೋಪಿ ಹಾಕಿಕೊಂಡಳು. "ನಡೀರವ್ವ" ಎಂದಳು. ಕತ್ತರಿಗಳು ಟಣ್ ಟಣ್ ಎಂದು ಬಕೆಟ್ಟಿಗೆ ಬಿದ್ದವು. ಬಕೆಟ್ಟುಗಳನ್ನು ಅಲ್ಲೇ ಬಿಟ್ಟು ತಂಡ ದೊಡ್ಡಿಯ ಕಡೆಗೆ, ತಮ್ಮ ಗಂಟುಗಳ ಕಡೆಗೆ ಹೊರಟಿತು. ಅತ್ತೆ ಫುಯೆನ್ಸಾಂತಳ ಹೆಗಲ ಮೇಲೆ ಕೈಯಿಟ್ಟು, "ನಿಮ್ಮತ್ತೆ ತಾವಕ್ಕೆ ನಾನೇ ಬತ್ತೀನಿ. ನಾವೆಲ್ಲಾ ಬತ್ತೀವಿ. ಏನಾಯ್ತು ಅಂತ ಕಂಡೋರು ನಾವು" ಎಂದಳು.

ಕಲ್ವೆರಾಕ್ ಹಿಂದೆ ಓಡಿ ಬಂದ. "ರೂಸಾನ್ ಇನ್ನೂ ಗಿಡದಲ್ಲೇ ಇದೆ. ಹೇಳು ಅವರಿಗೆ. ಈ ವಾರದ ಕೂಲಿ ಒಂದು ಬಿಡಿಗಾಸೂ ಸಿಗಲ್ಲ ಅಂತ ಹೇಳು."

ಅತ್ತೆ ನಿಂತು ಗುಡ್ಡದ ನೆತ್ತಿ ನೋಡಿದಳು. "ಗಿಡದಲ್ಲಿ ಬುಟ್ಟೋರ ಮೋರೆಗೆ ಬಳೀಬೇಕು ಅಲ್ವಾ ಧಣಿ, ನಿಮ್ ಶಾಸ್ತ್ರ? ತೋಟ ನಿಮ್ದು. ಅಷ್ಟೊಂದು ಗೊಂಚಲಿಗೆ ಒಂದು ಮೋರೆ ಸಾಲಾಕಿಲ್ಲ."

ಕೂಲಿ ಇವತ್ತಿಗೂ ಬಂದಿಲ್ಲ. ಈ ಊರಲ್ಲಿ ನನಗೂ ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಏಜೆನ್ಸಿಯ ಜನ ಬಂದು ತಲುಪುವ ಹೊತ್ತಿಗೆ ರೂಸಾನ್ ಒಣದ್ರಾಕ್ಷಿಯಾಗಿತ್ತು. ಹಳೆಯ ಬಾಟಲಿಗಳು ಮಾತ್ರ ಇನ್ನೂ ಅಂಗಡಿಗಳಲ್ಲಿವೆ, ಅವಳ ಮುಖ ಹೊತ್ತುಕೊಂಡೇ. ಅದು ಅವಳ ಮುಖವಲ್ಲವಂತೆ, ಧಣಿಯ ವಕೀಲರು ಹೇಳಿದರು, ಅದು ಚೀಟಿಯಂತೆ.

ಆದರೆ ಅವತ್ತು, ಅತ್ತೆಯ ಮಾತು ಮುಗಿದ ಮೇಲೆ, ಫುಯೆನ್ಸಾಂತ ಹಿಂತಿರುಗಿ ಬಂದಳು. ಕಲ್ವೆರಾಕನ ಎದುರು ನಿಂತು, ಅವನ ಕಣ್ಣು ನೋಡುತ್ತ, ನಿಧಾನವಾಗಿ ಅವನಿಗೆ ಏನೋ ಹೇಳಿದಳು. ಉದ್ದ ಹೇಳಿದಳು. ನಮ್ಮ ಹೆಂಗಸರೆಲ್ಲ ಉಸಿರು ಹಿಡಿದು ನಿಂತರು. ಒಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಹೇಳಿ ಮುಗಿಸಿ ಅವಳು ಹೊರಟುಹೋದಳು.

"ಏನು ಹೇಳಿದಳು?" ಎಂದ ಕಲ್ವೆರಾಕ್. ಸಿಟ್ಟಿನ ನಡುವೆಯೂ ಅವನ ಕಣ್ಣಲ್ಲಿ ಆ ಮಿನುಗು ಮತ್ತೆ ಬಂದಿತ್ತು. ಫೋಟೊದವನು ಆಗಲೇ ಪೆನ್ನು ತೆಗೆದಿದ್ದ. "ಏನೋ ದೊಡ್ಡ ಮಾತು ಹೇಳಿದಳು. ಗಂಡನ ಬಗ್ಗೆನಾ? ರೆಮೆ, ಏನು ಹೇಳಿದಳು ಹೇಳು."

"ನಾನು ಹೇಳಲ್ಲ, ಮೊಸ್ಸಿಯೇ" ಎಂದೆ.

ಹೇಳಿದ್ದರೆ ಅದನ್ನೂ ಬಾಟಲಿಗೆ ಅಂಟಿಸುತ್ತಿದ್ದರು.